ಬೀಗರ ಬೆನ್ನು

ಗಂಡಸರು ನೋವನ್ನು ನುಂಗಿಕೊಳ್ಳುತ್ತಾರೆ ಎಂಬ ಮಾತನ್ನು ಹಬ್ಬಿಸಿದವರು ಯಾರೋ ತಿಳಿಯದು. ನಾನಂತೂ ನೆಗಡಿಯಾದರೂ ನಾಲ್ಕು ಮನೆಗೆ ಕೇಳುವಂತೆ ನರಳುವವನು. ಅಂಥವನು ಒಮ್ಮೆ ಬೆನ್ನುನೋವನ್ನು ಗುಟ್ಟಾಗಿ ಇಟ್ಟುಕೊಳ್ಳಬೇಕಾಯಿತು. ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಗಂಡಿನವರು ನಿಡೋಣಿಯ ಒಕ್ಕಲುತನದ ಮನೆಯವರು. ಮಾತುಕತೆಯ ದಿನ ಚಹಾ ಕುಡಿಯುತ್ತ ನಾನು, "ನಮ್ಮ ಮನತನದಾಗ ಯಾರಿಗೂ ಬ್ಯಾನಿ ಬ್ಯಾಸರಿಕಿ ಇಲ್ರಿ" ಎಂದುಬಿಟ್ಟಿದ್ದೆ. ಬೀಗರೂ ಬಿಡಲಿಲ್ಲ. "ನಮ್ಮಲ್ಲೂ ಹಂಗರಿ ಸರ್. ಈ ವಯಸ್ಸಿನಾಗೂ ಜ್ವಾಳದ ಚೀಲ ಒಬ್ಬನ ಎತ್ತತೀನಿ" ಎಂದು ಮೀಸೆ ಸವರಿಕೊಂಡಿದ್ದರು.

ಅದಾದ ಮುಂದಿನ ವಾರವೇ, ಬಣ್ಣ ಬಳಿಸಲು ಗೋಡೆ ಖಾಲಿ ಮಾಡೋಣವೆಂದು ಕಬ್ಬಿಣದ ಕಪಾಟನ್ನು ಎಳೆಯಲು ಹೋದೆ. ಕಪಾಟು ಅಲುಗಲಿಲ್ಲ. ನಾನೂ ಅಲುಗದಂತಾದೆ. ಬಾಗಿದವನು ಬಾಗಿದಂತೆಯೇ ನಿಂತೆ. ಹೆಂಡತಿ ಬಾಗಿಲಲ್ಲಿ ನಿಂತು, "ಏನ ಬಿದ್ದೈತ್ರಿ? ಏನ ಹುಡಕಾಕತ್ತೀರಿ?" ಎಂದು ಕೇಳಿ, ನನ್ನ ಜೊತೆ ಅವಳೂ ನೆಲವನ್ನು ಹುಡುಕತೊಡಗಿದಳು.

ವಿಜಯಪುರದ ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿದರು. "ಎರಡ ಎಲುಬಿನ ನಡುವ ಮೆತ್ತಿ ಇದ್ದಂಗ ಡಿಸ್ಕ ಇರತೈತಿ. ನಿಮ್ಮದು ನೀರಿನಂಶ ಕಡಿಮಿ ಆಗಿ ಒಣಗಿ ತೆಳ್ಳಗಾಗೇತಿ. ಕೂದಲ ಬೆಳ್ಳಗಾದಂಗ ಇದೂ ಒಂದ. ಆಪರೇಷನ್ ಬ್ಯಾಡ. ಮಲಕೊಂಡ ಬಿಡಬ್ಯಾಡ್ರಿ, ಸಾವಕಾಶ ಅಡ್ಡಾಡ್ರಿ" ಎಂದರು. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಬೆನ್ನೆಲುಬಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬಿಡಿಸಬಲ್ಲೆ. ಆದರೂ ಅಷ್ಟೆಲ್ಲ ಮಾತಿನಲ್ಲಿ ನನಗೆ ಕೇಳಿಸಿದ್ದು 'ಒಣಗಿದೆ' ಎಂಬುದೊಂದೇ. ಹೆಂಡತಿಗೂ ಅಷ್ಟೇ. ಅಂದಿನಿಂದ ಒಣಗಿದ್ದು ನೆನೆಯಲೆಂದು ಹೊತ್ತು ಹೊತ್ತಿಗೆ ತಂಬಿಗೆ ತುಂಬ ಮಜ್ಜಿಗೆ ಬರತೊಡಗಿತು.

ಸುದ್ದಿ ತಿಳಿದು ತಿಕೋಟಾದಿಂದ ನಮ್ಮ ಅತ್ತೆ ಬಂದರು. ಅವರು ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅಂಥವರು ಒದ್ದರೆ ಹಿಡಿದ ಬೆನ್ನು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಅವರ ಓಣಿಯ ಅರ್ಧ ಜನ ಅವರಿಂದ ಒದೆಸಿಕೊಂಡವರೇ. ಆದರೆ ಅಳಿಯನ ವಿಷಯ ಬೇರೆ. "ಯವ್ವಾ, ಅಳಿಯಾರಿಗೆ ಕಾಲ ಹಚ್ಚಿ ನಾ ಯಾ ನರಕಕ್ಕ ಹೋಗಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಮಗಳು, ಅಂದರೆ ನನ್ನ ಹೆಂಡತಿ, ಬಿಡಲಿಲ್ಲ. "ನನ್ನ ಸಲುವಾಗಿ ಒಮ್ಮಿ ಒದಿ ಬೇ" ಎಂದಳು. ಅವಳ ದನಿಯಲ್ಲಿ ಅಷ್ಟು ಉತ್ಸಾಹ ಬೇಕಿರಲಿಲ್ಲ. ಕೊನೆಗೆ ಅತ್ತೆ ಹೆಬ್ಬೆರಳಿನಿಂದ ನನ್ನ ಸೊಂಟವನ್ನು ಮುಟ್ಟಿದಂತೆ ಮಾಡಿ, ಕೂಡಲೇ ಬಾಗಿ ನನ್ನ ಪಾದಕ್ಕೆ ನಮಸ್ಕಾರ ಮಾಡಿದರು. ನೋವು ಹೋಗಲಿಲ್ಲ. ಎಪ್ಪತ್ತು ದಾಟಿದ ಅವರ ಬೆನ್ನು ಅಷ್ಟು ಸಲೀಸಾಗಿ ಬಾಗಿದ್ದು ಕಂಡು ಹೊಟ್ಟೆಕಿಚ್ಚು ಮಾತ್ರ ಹೊಸದಾಗಿ ಸೇರಿಕೊಂಡಿತು.

ಆಮೇಲೆ ಡಾಕ್ಟರನ್ನು ಕೇಳಿಯೇ, ಸೊಲ್ಲಾಪುರ ರಸ್ತೆಯಲ್ಲಿ ಹೊಸದಾಗಿ ಬಂದಿದ್ದ ಕೈರೋಪ್ರಾಕ್ಟರ್ ಹತ್ತಿರ ಹೋದೆ. ಕೈಯಿಂದ ಒತ್ತಿ ಬೆನ್ನೆಲುಬಿನ ಬಿಗಿತ ಬಿಡಿಸುವ ವಿದ್ಯೆ ಅದು. ಮೊಬೈಲಿನಲ್ಲಿ ಕುತ್ತಿಗೆ ತಿರುವಿ ಲಟಕ್ಕೆನ್ನಿಸುವುದನ್ನು ನೋಡಿ ನೋಡಿ ನಾನು ಕುತ್ತಿಗೆ ಹಿಡಿದುಕೊಂಡೇ ಒಳಗೆ ಹೋದೆ. ಆದರೆ ಅಲ್ಲಿದ್ದಾಕೆ ಶಾಂತ ಸ್ವಭಾವದ ಹೆಣ್ಣುಮಗಳು. ಸ್ಕ್ಯಾನ್ ನೋಡಿ, ಮೊಣಕಾಲು ತಟ್ಟಿ, ಪಾದ ಜೋಮು ಹಿಡಿಯುತ್ತದೆಯೇ ಎಂದು ಕೇಳಿ, "ಒಣಗಿದ ಡಿಸ್ಕ ಹೊಸಾದ ಮಾಡಾಕ ನನಗ ಬರೂದಿಲ್ರಿ. ಬಿಗದ ಜಾಗಾ ಸಡ್ಲ ಮಾಡತೀನಿ. ಉಳದದ್ದು ನೀವ ಅಡ್ಡಾಡಿ, ವ್ಯಾಯಾಮ ಮಾಡಿ ಗಳಸಬೇಕು" ಎಂದಳು.

ಮುಖಕ್ಕೆ ಕಿಂಡಿಯಿದ್ದ ಮೇಜಿನ ಮೇಲೆ ಬೋರಲು ಮಲಗಿದೆ. ನೆಲ ಬಿಟ್ಟರೆ ಏನೂ ಕಾಣದು. ಆಕೆ ಪರದೆಯ ಆಚೆ ಮಲಗಿದ್ದವರನ್ನು ನೋಡಲು ಹೋದಳು. ಅಷ್ಟರಲ್ಲಿ ಅಲ್ಲಿಂದ, "ಯಪ್ಪಾ, ಸಾವಕಾಶ್ರಿ" ಎಂಬ ನರಳಿಕೆ ಕೇಳಿತು. ಎಲ್ಲೋ ಕೇಳಿದ ದನಿ. ನಾನು ನೆಲಕ್ಕೇ ಮುಖ ಮಾಡಿ, "ಬೀಗರ ಏನ್ರಿ?" ಎಂದೆ.

ಆಚೆಯ ಮೇಜು ಕಿರ್ರೆಂದಿತು. ನಂತರ ಮೆಲ್ಲಗೆ, "ಯಾರು, ಸರ್ ಏನ್ರಿ?" ಎಂದಿತು ದನಿ.

"ನಿಮಗೇನಾತ್ರಿ?"

"ಆವತ್ತ ನಿಮ್ಮ ಮುಂದ ಚೀಲ ಎತ್ತತೀನಿ ಅಂದ್ನೆಲ್ರಿ. ಮನಿಗೆ ಹೋಗಿ, ಖರೇನ ಎತ್ತಾಕ ಬರತೈತೋ ಇಲ್ಲೋ ನೋಡೂಣಂತ ಎತ್ತಿದ್ನಿ. ಡಿಸ್ಕ ಸವದೈತಂತ. ನಿಮಗ ಗೊತ್ತಾದ್ರ ಹೆಣ್ಣ ಕೊಡತೀರೋ ಇಲ್ಲೋ ಅಂತ ಮಗಗೂ ಹೇಳಿಲ್ರಿ."

ನಾನೂ ಕಪಾಟಿನ ಕಥೆ ಹೇಳಿದೆ. ಇಬ್ಬರೂ ಬೋರಲಾಗಿಯೇ ನಗತೊಡಗಿದೆವು. "ನಗಬ್ಯಾಡ್ರಿ, ಬೆನ್ನ ಅಲಗ್ಯಾಡತೈತಿ" ಎಂದು ಆಕೆ ಗದರಿಸಿದಳು.

ನಿಶ್ಚಿತಾರ್ಥದಲ್ಲಿ ಹಿರಿಯರಿಗೆಲ್ಲ ಕುರ್ಚಿ ಹಾಕಿಸಿದೆವು. ನಾವಿಬ್ಬರೂ ನಮ್ಮ ನಮ್ಮ ತೊಡೆಯ ಮೇಲೆ ಕೈಯೂರಿ ನಿಧಾನವಾಗಿ ಬಾಗಿ ಒಬ್ಬರಿಗೊಬ್ಬರು ನಮಸ್ಕರಿಸಿ, ಅಷ್ಟೇ ನಿಧಾನವಾಗಿ ಎದ್ದೆವು. ಬೀಗರೆಂದರೆ ಹೀಗೆ ವಿನಯವಿರಬೇಕು ಎಂದು ಮಂದಿ ಹೊಗಳಿದರು. ಈಗ ರವಿವಾರ ಇಬ್ಬರೂ ಭೂತನಾಳ ಕೆರೆಯ ದಂಡೆಯಲ್ಲಿ ಅಡ್ಡಾಡುತ್ತೇವೆ. ನೋವು ಬಹಳಷ್ಟು ಇಳಿದಿದೆ. ಒತ್ತಿದ ಕೈಯಿಂದಲೋ, ನಡೆದ ಕಾಲಿನಿಂದಲೋ ಗೊತ್ತಿಲ್ಲ. ಅತ್ತೆಯವರಿಗೆ ಮಾತ್ರ ಅದು ತಮ್ಮ ಹೆಬ್ಬೆರಳಿನದೇ ಎಂಬುದರಲ್ಲಿ ಸಂಶಯವಿಲ್ಲ.

ನಾನೀಗ ಮನೆಗೆ ಬಂದವರನ್ನೆಲ್ಲ ನೆಟ್ಟಗೆ ಕೂರಿಸಿ, ಡಿಸ್ಕಿನ ವಿಚಾರ ಮೊದಲಿನಿಂದ ವಿವರಿಸುತ್ತೇನೆ. ಮೊನ್ನೆ ಹೀಗೆಯೇ ಪಕ್ಕದ ಮನೆಯವರು ಅರ್ಧ ಚಹಾ ಬಿಟ್ಟು ಎದ್ದುಹೋದಾಗ ಹೆಂಡತಿ ಅಂದಳು: "ನಿಮ್ಮ ಡಿಸ್ಕ ಇದ್ದಷ್ಟರ ಐತಿ. ನಿಮ್ಮ ಮಾತ ಕೇಳಿ ಕೇಳಿ ನಮ್ಮ ಕಿವಿ ಸವದಾವ."

ಕಿವಿಯೊಳಗೂ ಸಣ್ಣ ಎಲುಬುಗಳಿರುತ್ತವೆ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಎದ್ದು ಒಳಗೆ ಹೋಗಿದ್ದಳು.