ಎತ್ತು ನೋಡೋ ಕಣ್ಣಲ್ಲಿ ಫುಟ್‌ಬಾಲ್ ಟೀಮು

ಕೆಲವರ ಮನೆಗೆ ಕರೆಯದೆ ನೆಂಟರು ಬರುತ್ತಾರೆ. ನನ್ನ ಹತ್ತಿರ ಹಾಗೆ ಪ್ರಸಂಗಗಳು ಬರುತ್ತವೆ. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ಬಾಯಿ ಸ್ವಲ್ಪ ಮುಂದು, ಅಷ್ಟೇ. ಬಾಯಿ ಹೋದ ಕಡೆ ಕಾಲೂ ಹೋಗಲೇಬೇಕಲ್ಲ. ಹೋಗಿ ನೋಡಿದರೆ ಅಲ್ಲೊಂದು ಪ್ರಸಂಗ ಚಕ್ಕಂಬಕ್ಕಳ ಹಾಕಿಕೊಂಡು ಕೂತಿರುತ್ತದೆ.

ನಾನು ಕೊತ್ತಗೆರೆ ಕಡೆಯವನು. ತುಮಕೂರಿನ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಎಡಗಾಲಿನಿಂದ. ಕಾರ್ಖಾನೆಗೆ ಒಂದು ಫುಟ್‌ಬಾಲ್ ಟೀಮಿತ್ತು. ಬೆಳಿಗ್ಗೆ ಮೆಷಿನ್ನಿಗೆ ಮುಖ ತೋರಿಸಿ, ಮಧ್ಯಾಹ್ನ ಊಟ ಮಾಡಿ ಗ್ರೌಂಡಿಗೆ ಹೋದರೆ ಸಾಕು, ತಿಂಗಳಿಗೆ ಸರಿಯಾಗಿ ಸಂಬಳ. ಚೆಂಡು ಒದ್ದು ಅನ್ನ ತಿನ್ನುತ್ತಿದ್ದೇನೆ ಅಂದರೆ ನಮ್ಮೂರಲ್ಲಿ ಯಾರೂ ನಂಬುತ್ತಿರಲಿಲ್ಲ. ಎಂಬತ್ತೊಂದೋ ಎಂಬತ್ತೆರಡೋ ಇರಬೇಕು, ಒಂದು ದಿನ ಮ್ಯಾನೇಜರ್ ಸಾಹೇಬರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು.

"ನೋಡ್ರಪ್ಪಾ, ವರ್ಷಾ ವರ್ಷಾ ಬೆಂಗಳೂರಿನ ಕಾರ್ಖಾನೆಯವರ ಕೈಲಿ ಸೋತು ಬರ್ತಿದೀರ. ಈ ಸಲಾನೂ ಸೋತ್ರೆ ಟೀಮ್ ಬಂದ್, ಎಲ್ಲಾರೂ ಲೋಡಿಂಗ್‌ಗೆ. ಮೂರು ಜನ ಹೊಸಬ್ರನ್ನ ತಗೊಳ್ಳೋಕೆ ಮೇಲಿಂದ ಒಪ್ಪಿಗೆ ಆಗಿದೆ. ನೋಡಿ ಆರಿಸಿ."

ಲೋಡಿಂಗ್ ಅಂದರೆ ದಿನವಿಡೀ ಲಾರಿಗೆ ಮೂಟೆ ಹೊರುವ ಜಾಗ. ಅಲ್ಲಿಗೆ ಹೋದವನು ಸಂಜೆ ಚೆಂಡು ಒದೆಯುವುದಿರಲಿ, ಮಲಗಿದ ಚಾಪೆಯನ್ನೂ ಸುತ್ತಲಾರ. ನಮ್ಮ ಕೋಚ್ ಸಾಹೇಬರು ಮಿಲಿಟರಿಯಿಂದ ಬಂದವರು, ಮೀಸೆಯೇ ಒಂದು ತೂಕ. ಆದರೆ ಅವರು ಆರಿಸಿ ತಂದವರೆಲ್ಲ ಚೆಂಡನ್ನು ಮೊಣಕಾಲ ಮೇಲೆ ಕುಣಿಸಿ ತೋರಿಸುವ ಸರ್ಕಸ್ಸಿನವರು. ಮ್ಯಾಚಿನ ದಿನ ಒಬ್ಬನಿಗೂ ಕಾಲು ಏಳುತ್ತಿರಲಿಲ್ಲ.

ನನ್ನ ಬಾಯಿ ಮುಂದೆ ಹೋಯಿತು. "ಸಾರ್, ಆರ್ಸೋ ಕೆಲ್ಸ ನಂಗ್ ಕೊಡಿ. ನಮ್ಮಪ್ಪ ಕರು ನೋಡಿ ಎತ್ತು ಹೇಳೋರು. ಈ ಕರ ಬೆಳೆದ್ರೆ ಗಾಡಿಗಾಯ್ತದೋ, ನೇಗಿಲಿಗಾಯ್ತದೋ, ಸುಮ್ನೆ ಹುಲ್ಲಿಗಾಯ್ತದೋ ಅಂತ ಒಂದು ನೋಟದಲ್ಲಿ ಹೇಳೋರು. ಆ ಕಣ್ಣು ನಂಗೂ ಬಂದೈತೆ. ನಾನ್ ತಂದೋರಿಂದ ಟೀಮ್ ಗೆಲ್ದಿದ್ರೆ, ಉಳಿದೋರು ಹೆಂಗಾದ್ರೂ ಇರ್ಲಿ, ಮೊದಲ ಮೂಟೆ ನನ್ ಬೆನ್ ಮೇಲೆ ಹಾಕಿ."

ಕೋಚ್ ಸಾಹೇಬರು ಮೀಸೆ ಸವರಿ, "ಹಾಕೋಣ, ಹಾಕೋಣ. ಒಳ್ಳೇ ತೂಕದ್ದೇ ಹಾಕೋಣ" ಅಂದರು.

ಹಲ್ಲು

ಮೊದಲ ಟ್ರಯಲ್ಲು ತುಮಕೂರಿನಲ್ಲೇ, ಕಾಲೇಜಿನ ಗ್ರೌಂಡಿನಲ್ಲಿ. ಇಪ್ಪತ್ತರ ಒಳಗಿನವರು ಮಾತ್ರ ಬರಬೇಕು ಅಂತ ಸಾರಿದ್ದರು. ಬಂದವರಿಗೆಲ್ಲ ಹತ್ತೊಂಬತ್ತೇ. ದೇವರು ಆ ವರ್ಷ ಬೇರೆ ವಯಸ್ಸನ್ನೇ ಸೃಷ್ಟಿಸಿರಲಿಲ್ಲ.

ನಮ್ಮ ಕಡೆ ಎತ್ತು ಕೊಳ್ಳುವಾಗ ಮೊದಲು ಬಾಯಿ ತೆಗೆಸುತ್ತಾರೆ. ಮಾರುವವನು ಸುಳ್ಳು ಹೇಳಬಹುದು, ಹಲ್ಲು ಹೇಳುವುದಿಲ್ಲ. ನಾನು ಸಾಲಿನ ಈ ತುದಿಯಿಂದ ಶುರು ಮಾಡಿದೆ. "ಬಾಯಿ ತೆಗಿ... ಹೂಂ, ಮುಚ್ಚು. ನೀನ್ ತೆಗಿ."

ಒಬ್ಬ ಕೇಳಿದ, "ಅಣ್ಣ, ಕಾಲಿನ ಆಟಕ್ಕೆ ಬಾಯಿ ಯಾಕಣ್ಣ?"

"ನಿನ್ ಕಾಲು ಎಷ್ಟು ವರ್ಷದಿಂದ ಓಡ್ತಾ ಐತೆ ಅಂತ ಬಾಯಲ್ಲಿ ಬರ್ದಿರ್ತದೆ ಕಣೋ."

ಕೊನೆಯಲ್ಲಿ ಒಬ್ಬ ನಿಂತಿದ್ದ. ಗಟ್ಟಿ ಆಳು, ಒಳ್ಳೆ ಓಟ. ಕೋಚ್ ಸಾಹೇಬರಿಗೆ ಬಹಳ ಹಿಡಿಸಿಬಿಟ್ಟಿದ್ದ. ಬಾಯಿ ತೆಗೆಸಿದೆ. ಬುದ್ಧಿ ಹಲ್ಲು ಬಂದು, ಅದರ ಮೇಲೆ ಎಲೆಯಡಿಕೆಯ ಕೆಂಪು ಕೂತು, ಆ ಕೆಂಪೂ ಹಳತಾಗಿತ್ತು.

"ಸಾರ್, ಇವ್ನಿಗೆ ಮೂವತ್ತು."

"ಸುಮ್ನಿರಯ್ಯ, ಮಗು ಥರ ಇದಾನೆ" ಅಂತ ಕೋಚ್ ಗದರಿದರು. ಆಟ ಶುರುವಾಯಿತು. ಅವನು ಚೆಂಡು ತೆಗೆದುಕೊಂಡು ಹುಲಿಯ ಹಾಗೆ ನುಗ್ಗಿದ. ಕೋಚ್ ನನ್ನ ಕಡೆ ತಿರುಗಿ ನಕ್ಕರು. ಆಗ ಬೇಲಿಯ ಪಕ್ಕದಿಂದ, ಛತ್ರಿ ಹಿಡಿದ ಯಜಮಾನರೊಬ್ಬರು ಗಾಬರಿಯಿಂದ ಕೂಗಿದರು.

"ಅಳಿಯಂದ್ರೇ, ಜೋಪಾನ! ಮೂರನೇ ಬಾಣಂತನಕ್ಕೆ ಮಗಳು ಮನೇಲವಳೆ, ಕಾಲುಗೀಲು ಮುರ್ಕೊಂಡೀರಿ!"

ನಡೆ

ಗುಬ್ಬಿಯಲ್ಲಿ ಒಬ್ಬ ಭಾರಿ ಆಟಗಾರನಿದ್ದಾನೆ ಅಂತ ಸುದ್ದಿ ಬಂತು. ಹೋದೆ. ಒಂದು ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಾ ಸಿಕ್ಕಿದ. ನೋಡಿದೆ, ಮನಸ್ಸು ಒಪ್ಪಲಿಲ್ಲ. ದೋಸೆ ಮುಗಿಸುವಷ್ಟರಲ್ಲಿ ಎರಡು ಸಲ ಒರಗಿ ಕೂತು ದಣಿವಾರಿಸಿಕೊಂಡ. ಮೇವಿಗೇ ಸುಸ್ತಾಗುವ ಎತ್ತು ಉಳುವುದೆಂತು?

ಅಷ್ಟರಲ್ಲಿ ನನ್ನ ಕಣ್ಣು ಬೇರೆ ಕಡೆ ನೆಟ್ಟಿತು. ಹೋಟೆಲಿನ ಸಪ್ಲೈಯರ್. ಆಹಾ, ಏನು ನಡೆ! ಸಂತೆಯ ದಿನ, ಒಳಗೆ ಕಾಲಿಡಲು ಜಾಗವಿಲ್ಲ. ಅವನ ಒಂದು ಕೈಯಲ್ಲಿ ಲೋಟಗಳು, ಇನ್ನೊಂದು ತೋಳಿನುದ್ದಕ್ಕೂ ತಟ್ಟೆಗಳು. ಎದುರು ಬಂದವನನ್ನು ಎಡಕ್ಕೆ ತೋರಿಸಿ ಬಲಕ್ಕೆ ಜಾರಿ, ಕುರ್ಚಿ ಎಳೆದವನ ಹಿಂದೆ ಸೊಂಟ ತಿರುಗಿಸಿ ತಪ್ಪಿಸಿಕೊಂಡು, ಒಂದು ಹನಿ ಸಾಂಬಾರ್ ಚೆಲ್ಲದೆ ಮೂಲೆ ಮೇಜು ಮುಟ್ಟಿದ. ನಾನು ಎದ್ದು ಅವನ ಕೈ ಹಿಡಿದೆ.

"ಫುಟ್‌ಬಾಲ್ ಆಡ್ತೀಯೇನೋ?"

"ಖಾಲಿಯಾಗೈತೆ ಸಾರ್, ಉದ್ದಿನವಡೆ ಐತೆ."

ಅವನಿಗೆ ಫುಟ್‌ಬಾಲ್ ಅಂದರೇನು ಅಂತ ತಿಳಿಸಿ, ಕಾರ್ಖಾನೆ ಕೆಲಸ ಅಂತ ಆಸೆ ಹಚ್ಚಿ, ಕರೆದುಕೊಂಡು ಬಂದೆ. ತಿಂಗಳ ಕಾಲ ಮರಳೂರಿನ ನನ್ನ ರೂಮಿನಲ್ಲೇ ಇಟ್ಟುಕೊಂಡು ಕಲಿಸಿದೆ. ನನ್ನ ಕಣ್ಣು ಸುಳ್ಳಾಗಲಿಲ್ಲ. ಮೊದಲ ಪ್ರಾಕ್ಟೀಸ್ ಮ್ಯಾಚಿನಲ್ಲಿ ಚೆಂಡು ತೆಗೆದುಕೊಂಡು ಹೊರಟ ನೋಡಿ, ಒಬ್ಬನನ್ನು ತಪ್ಪಿಸಿದ, ಇನ್ನೊಬ್ಬನನ್ನು ತಪ್ಪಿಸಿದ, ಮೂರನೆಯವನು ಕಾಲು ಎಲ್ಲಿಡಬೇಕೆಂದು ತಿಳಿಯದೆ ಕೂತೇಬಿಟ್ಟ. ನಾನು ಎದೆ ಉಬ್ಬಿಸಿ ಕೋಚ್ ಪಕ್ಕದಲ್ಲಿ ನಿಂತೆ.

ಆಗ ಎದುರು ಟೀಮಿನ ಒಬ್ಬ ಕಿಲಾಡಿ ಕೈ ಎತ್ತಿ ಕೂಗಿದ, "ಏ, ಇಲ್ಲೊಂದು ಕೊಡಪ್ಪಾ!"

ನಮ್ಮವನು ತಕ್ಷಣ ತಿರುಗಿ, "ಬಂದೇ ಸಾರ್" ಅಂದು, ಚೆಂಡನ್ನು ಅವನ ಕಾಲ ಮುಂದೆ ನೀಟಾಗಿ ಇಟ್ಟು ಬಂದ.

ಬೈದೆವು, ತಿದ್ದಿದೆವು, ಬೇಡಿಕೊಂಡೆವು. ಏನೂ ಆಗಲಿಲ್ಲ. ಕೇಳಿದವರಿಗೆ ಇಲ್ಲ ಅನ್ನುವುದು ಅವನ ರಕ್ತದಲ್ಲೇ ಇರಲಿಲ್ಲ. ಕೊನೆಗೆ ಮ್ಯಾನೇಜರ್ ಸಾಹೇಬರು ಅವನನ್ನು ಕ್ಯಾಂಟೀನಿಗೆ ಹಾಕಿಕೊಂಡರು. ಕೋಚ್ ನನ್ನ ಬೆನ್ನು ತಟ್ಟಿದರು.

"ಎತ್ತು ಚೆನ್ನಾಗೇ ಆರಿಸಿದೀಯ ಕಣಯ್ಯ. ಆದ್ರೆ ಮುಂದಿನ ಸಲ ನಮ್ ಗಾಡಿಗೆ ತಗೊಂಡ್ ಬಾ."

ಬೆಟ್ಟ

ಇದರಿಂದ ಕೋಚ್ ಸಾಹೇಬರಿಗೆ ಹುರುಪು ಬಂತು. ಒಬ್ಬನನ್ನಾದರೂ ನಾನೇ ಆರಿಸುತ್ತೇನೆ ಅಂತ ಹೊರಟರು. ಹುಡುಗರನ್ನೆಲ್ಲ ದೇವರಾಯನದುರ್ಗದ ಬುಡದಲ್ಲಿ ಬಿಟ್ಟು, ತಾವು ಜೀಪಿನಲ್ಲಿ ಮೇಲೆ ಹೋಗಿ ಕೂತರು. ಓಡಿ ಮೊದಲು ಬಂದವನಿಗೆ ಕೆಲಸ. ದಮ್ಮು ಅಂದರೆ ಅದೇ ಅಂತೆ. ನಾನೂ ಮೇಲೆ ಕೂತಿದ್ದೆ, ಬಾಯಿ ಮುಚ್ಚಿಕೊಂಡು. ಆ ದಿನಗಳಲ್ಲಿ ಅದು ನನಗೆ ಅಪರೂಪ.

ಉಳಿದವರು ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಒಬ್ಬ ಬಂದು ಸೆಲ್ಯೂಟ್ ಹೊಡೆದ. ಕೋಚ್ ಕುಣಿದಾಡಿದರು. "ನೋಡಯ್ಯ, ಉಸಿರೂ ಮೇಲೆ ಹೋಗಿಲ್ಲ!"

"ಹೌದು ಸಾರ್. ಹಣೆ ಮೇಲಿನ ನಾಮಾನೂ ಕೆಳಗೆ ಇಳಿದಿಲ್ಲ."

ಹುಡುಗ ಯಾತ್ರಿಕರ ವ್ಯಾನು ಹತ್ತಿ ಬಂದು, ನರಸಿಂಹಸ್ವಾಮಿಗೆ ಕೈ ಮುಗಿದು, ನಾಮ ಹಾಕಿಸಿಕೊಂಡು, ಕೈಯಲ್ಲಿ ಪುಳಿಯೋಗರೆಯ ದೊನ್ನೆ ಹಿಡಿದು ನಿಂತಿದ್ದ. ಕೋಚ್ ಬೈಯಲು ಬಾಯಿ ತೆರೆದರೆ, ಅವನು ದೊನ್ನೆ ಮುಂದೆ ಚಾಚಿ, "ಪ್ರಸಾದ ಸಾರ್, ಬೈಬಾರ್ದು" ಅಂದ.

ಜೋಡಿ

ಮ್ಯಾಚು ಹತ್ತಿರ ಬಂತು. ಒಬ್ಬ ಹೊಸಬನೂ ಇಲ್ಲ. ಲೋಡಿಂಗಿನವರು ನನ್ನನ್ನು ಕಂಡಾಗಲೆಲ್ಲ "ಜಾಗ ಇಟ್ಟಿದೀವಿ ಕಣ್ಲಾ" ಅನ್ನುತ್ತಿದ್ದರು. ನಾನು ಊರಿಗೆ ಹೋಗುವ ದಾರಿಯಲ್ಲಿ ಕುಣಿಗಲ್ಲಿನಲ್ಲಿ ಇಳಿದೆ. ಊರಾಚೆ, ನೀರಿಳಿದ ಕೆರೆಯಂಗಳದಲ್ಲಿ ಹುಡುಗರು ಚೆಂಡು ಆಡುತ್ತಿದ್ದರು. ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಬಲಗಡೆ, ತಮ್ಮ ಎಡಗಡೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಕೂಗುವುದಿಲ್ಲ. ಅಣ್ಣ ಒದ್ದ ಜಾಗಕ್ಕೆ ತಮ್ಮ ಮೊದಲೇ ಹೋಗಿ ನಿಂತಿರುತ್ತಿದ್ದ. ನನಗೆ ಮೈ ಜುಮ್ಮೆಂದಿತು.

ನೇರ ಅವರ ಅಪ್ಪನ ಹತ್ತಿರ ಹೋದೆ. "ಯಜಮಾನ್ರೇ, ಸದ್ಯಕ್ಕೆ ಚಿಕ್ಕೋನನ್ನ ಕಳ್ಸಿ, ಆಮೇಲೆ ದೊಡ್ಡೋನನ್ನ ನೋಡಾನ."

ಯಜಮಾನರು ಹುಬ್ಬು ಗಂಟಿಕ್ಕಿದರು. "ನೀನ್ ಬೇಸಾಯಗಾರ್ನ ಮಗಾನೇ ಏನಪ್ಪಾ? ಜೋಡಿ ಒಡೀತಾರಾ ಯಾರಾನಾ? ಒಯ್ದ್ರೆ ಇಬ್ರುನ್ನೂ ಒಯ್ಯಿ, ಇಲ್ದಿದ್ರೆ ಬುಡು."

ಇಬ್ಬರನ್ನೂ ಒಯ್ದೆ. ಕೋಚ್ ಸಾಹೇಬರು ಮೊದಲ ದಿನವೇ ಅಣ್ಣನನ್ನು ಎಡಕ್ಕೆ, ತಮ್ಮನನ್ನು ಬಲಕ್ಕೆ ನಿಲ್ಲಿಸಿದರು. ಶಿಳ್ಳೆ ಹೊಡೆದದ್ದೇ ತಡ, ಇಬ್ಬರೂ ತಂತಮ್ಮ ಅಭ್ಯಾಸದ ಕಡೆ ಓಡಿ ನಡುವೆ ಢಿಕ್ಕಿ ಹೊಡೆದು ಬಿದ್ದರು.

"ಸಾರ್, ಎಡಕ್ಕೆ ಕಟ್ಟಿ ಪಳಗಿದ ಎತ್ತನ್ನ ಬಲಕ್ಕೆ ಕಟ್ಟಿದ್ರೆ ನೊಗ ಮುರೀತದೆ. ತಮ್ಮನ್ನ ಎಡಕ್ಕೇ ಹಾಕಿ."

"ಎಡಗಡೆ ನೀನಿದೀಯಲ್ಲಯ್ಯ?"

ಎಲ್ಲರೂ ನೋಡುತ್ತಿದ್ದರು. "ನಾನ್ ಆಚೆ ಕೂತ್ಕೋತೀನಿ. ಆರ್ಸಿದೋನು ನಾನಲ್ವಾ, ದೂರದಿಂದ ನೋಡಿದ್ರೇ ಚೆಂದ" ಅಂದುಬಿಟ್ಟೆ.

ಆಮೇಲೆ ಆ ಜೋಡಿಯ ಆಟ ಏನು ಹೇಳಲಿ! ಅವರು ಒದ್ದದ್ದನ್ನು ತಡೆಯಲಾಗದೆ ನಮ್ಮ ಗೋಲ್‌ಕೀಪರ್ ದಿನಾ ಬೈಗುಳ ತಿಂದು ಸಣ್ಣಗಾದ. ತೊಂದರೆ ಒಂದೇ. ಒಂದು ದಿನ ಕೋಚ್, ತಮ್ಮನಿಗೆ ಸ್ವಲ್ಪ ವಿಶ್ರಾಂತಿ ಅಂತ ಹೊರಗೆ ಕರೆದರು. ಅಣ್ಣನೂ ಜೊತೆಗೇ ನಡೆದು ಬಂದ.

"ನಿನ್ನನ್ಯಾರೋ ಕರೆದ್ರು?"

"ನೊಗದಾಗೆ ಒಬ್ನೇ ನಿಂತ್ಕಂಡ್ ಏನ್ಮಾಡ್ಲಿ ಸಾರ್?"

ಕೋಚ್ ತಲೆಯ ಮೇಲಿನ ಟೋಪಿ ತೆಗೆದರು. "ಮಿಲಿಟರೀಲಿ ಟ್ಯಾಂಕ್ ಓಡ್ಸಿದೀನಿ. ಕೊನೆಗಾಲದಲ್ಲಿ ಕಮತ ಮಾಡೋ ಹಂಗಾಯ್ತಲ್ಲಪ್ಪಾ!"

ಇನ್ನೊಂದು ಸಾಲು

ಬೆಂಗಳೂರಿನವರು ಬಂದರು. ಬೂಟು ಮಿರಮಿರ, ಕುಡಿಯುವ ನೀರಿಗೂ ಗ್ಲೂಕೋಸು. ಜನವೋ ಜನ. ಲೋಡಿಂಗಿನವರು ಮುಂದೆಯೇ ಕೂತು, ನನ್ನನ್ನು ನೋಡಿ ಪಕ್ಕದ ಜಾಗ ತಟ್ಟಿ ತೋರಿಸುತ್ತಿದ್ದರು.

ಅವರೊಂದು ಗೋಲು, ನಾವೊಂದು ಗೋಲು. ಆಟ ಮುಗಿಯಲು ಬಂತು ಅನ್ನುವಾಗ ತಮ್ಮನಿಗೆ ಮೀನಖಂಡ ಹಿಡಿದುಕೊಂಡಿತು. ಕೂತ. ನಾನು ಅಂದುಕೊಂಡದ್ದೇ ಆಯಿತು. ಆ ತುದಿಯಲ್ಲಿದ್ದ ಅಣ್ಣ ನಿಧಾನವಾಗಿ ನಡೆದು ಬಂದು ತಮ್ಮನ ಪಕ್ಕ ಕೂತ. ರೆಫ್ರಿ ಅಣ್ಣನನ್ನು ಕೇಳಿದರು, "ನಿಂಗೇನಾಯ್ತು?"

"ನಂಗೇನಿಲ್ಲ ಸಾರ್. ಅವ್ನ್ಗೆ ಕಾಲ್ ಹಿಡ್ಕಂಡೈತೆ."

ಜನ ಕೂಗಿದರು, ಕೋಚ್ ಇಂಗ್ಲಿಷಿನಲ್ಲಿ ಬೈದರು, ಹಿಂದಿಯಲ್ಲಿ ಬೈದರು. ಇಬ್ಬರೂ ಅಲ್ಲಾಡಲಿಲ್ಲ. ನನ್ನ ಬೆನ್ನ ಮೇಲೆ ಮೂಟೆಯ ತೂಕ ಆಗಲೇ ಗೊತ್ತಾಗುತ್ತಿತ್ತು. ಆಟ ನೋಡಲು ಕುಣಿಗಲ್ಲಿನಿಂದ ಅವರ ಅಪ್ಪ ಬಂದಿದ್ದರು. ನಾನು ಓಡಿ ಹೋಗಿ, "ಯಜಮಾನ್ರೇ, ನೇಗಿಲ ಮುಂದೆ ಎತ್ತು ಮಲಗಿದ್ರೆ ಏನ್ ಮಾಡ್ತೀರಿ?" ಅಂದೆ.

ಅವರು ಟವೆಲ್ ಕೊಡವಿ ಗೆರೆಯ ಹತ್ತಿರ ಬಂದು ಒಂದೇ ಒಂದು ಕೂಗು ಹಾಕಿದರು. "ಏಳ್ರಲಾ! ಮೋಡ ಆಗೈತೆ, ಇನ್ನೊಂದ್ ಸಾಲ್ ಉಳ್ಕಂಡೈತೆ!"

ಹುಟ್ಟಿದಾಗಿನಿಂದ ಕೇಳಿದ ಕೂಗು. ಇಬ್ಬರೂ ಯೋಚನೆಯನ್ನೇ ಮಾಡದೆ ಎದ್ದು ನಿಂತರು. ಚೆಂಡು ತಮ್ಮನಿಗೆ ಬಂತು. ಕುಂಟುತ್ತಲೇ ಎಡದಿಂದ ಎತ್ತಿ ಹಾಕಿದ. ಬಲದಿಂದ ಬಂದ ಅಣ್ಣ ಹಣೆ ಕೊಟ್ಟ. ಗೋಲ್! ಬೆಂಗಳೂರಿನವರ ಗೋಲ್‌ಕೀಪರ್ ಮಾತ್ರ ಮೋಡ ಎಲ್ಲಿದೆ ಅಂತ ಇನ್ನೂ ಮೇಲೆ ನೋಡುತ್ತಿದ್ದ.

ಗೆದ್ದೆವು. ಮ್ಯಾನೇಜರ್ ಸಾಹೇಬರು ನನ್ನ ಕೊರಳಿಗೆ ಸುಗಂಧರಾಜದ ಹಾರ ಹಾಕಿ, ಎಲ್ಲರ ಮುಂದೆ ಹೇಳಿದರು. "ಟೀಮ್ ಉಳೀತು. ಇಂಥಾ ಕಣ್ಣು ಜಿಲ್ಲೇಲೇ ಇಲ್ಲ. ಇನ್ಮೇಲೆ ಯಾರು ಇರ್ಬೇಕು, ಯಾರು ಬೇಡ, ಇವನು ಹೇಳಿದ್ದೇ ಮಾತು. ಹೇಳಪ್ಪ, ಎಡಗಡೆ ಜಾಗ ಒಂದೇ ಇದೆ. ಆ ಹುಡುಗನೋ, ನೀನೋ?"

ನಾನು ಕೋಚ್ ಕಡೆ ನೋಡಿದೆ. ಅವರು ಮೀಸೆಯೊಳಗೇ ನಗುತ್ತಿದ್ದರು. ಅಷ್ಟು ಜನರ ಎದುರು ನನ್ನ ಕಣ್ಣಿಂದ ನಾನೇ ಸುಳ್ಳು ಹೇಳಿಸಲೇ?

"ಆ ಹುಡುಗ್ನೇ ಸಾರ್. ನನಗಿಂತ ಎರಡು ಪಾಲು ಮೇಲು."

"ಭೇಷ್!" ಅಂದರು ಮ್ಯಾನೇಜರು. "ಹಾಗಾದ್ರೆ ಆಟ ಇಲ್ಲದೋನು ಪೂರ್ತಿ ಶಿಫ್ಟು ಕೆಲಸ ಮಾಡ್ಬೇಕು, ಅದು ರೂಲು. ಸದ್ಯಕ್ಕೆ ಖಾಲಿ ಇರೋದು ಲೋಡಿಂಗ್ ಒಂದೇ."

ಮಾರನೆಯ ದಿನ ಲೋಡಿಂಗಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಬೀಡಿ ಬಾಯಿಂದ ತೆಗೆದು ಕೇಳಿದ, "ಏನ್ಲಾ, ಸೋತ್ರೆ ತಾನೆ ಬರ್ತೀನಿ ಅಂದಿದ್ದು? ಗೆದ್ದೋನು ಯಾಕ್ಲಾ ಬಂದೆ?"

ನಾನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ. "ಸೋತಿದ್ರೆ ಕಂಪ್ನಿಯೋರು ಕಳಿಸ್ತಿದ್ರು ಮೇಸ್ತ್ರಿ, ಅದು ಬೇರೆ. ಈಗ ನನ್ನನ್ನ ಇಲ್ಲಿಗೆ ಸೆಲೆಕ್ಟ್ ಮಾಡಿರೋನು ನಾನೇ. ನೋಡ್ತಾ ಇರು, ಈ ಲೋಡಿಂಗ್‌ಗೆ ಇಂಥಾ ಒಳ್ಳೇ ಆಳು ಹಿಂದೆ ಯಾವತ್ತೂ ಬಂದಿರಾಕಿಲ್ಲ."