ಹನ್ನೆರಡು ಪಾಯಿಂಟ್ ಆರು

ಕತೆಗೆ ಮುಂಚೆ ಒಂದು ಗಾದೆ ಎಸೆಯುವುದು ರೂಢಿ. ಆದರೆ ಕುರ್ರಪಿಟ್ ಎಂಬ ಊರಲ್ಲಿ ತೇವ ನೋಡದೆ ಏನನ್ನೂ ಒಳಗೆ ಬಿಡುವ ಪದ್ಧತಿಯಿಲ್ಲ. ತಂದ ಗಾದೆ ಹಸಿಯಾಗಿದೆಯೆಂದು ಬಾಗಿಲಲ್ಲೇ ವಾಪಸ್ಸಾಯಿತು. ಉಳಿದದ್ದು ನಡೆದ ಸಂಗತಿ, ಅಷ್ಟೇ. ನಂಬದವರು ಆ ಊರಿನ ರಸ್ತೆಯಲ್ಲಿ ನಿಂತು ತಲೆ ಎತ್ತಲಿ. ಸಾಕ್ಷಿ ಇಪ್ಪತ್ತೇಳು ಮೀಟರ್ ಎತ್ತರವಿದೆ, ಕಾಣದೆ ಎಲ್ಲಿಗೆ ಹೋದೀತು.

ಎಲ್ಲಕ್ಕೂ ಮೂಲ ಒಂದು ಫೋನು. ಡಿಸೆಂಬರಿನ ಶನಿವಾರ, ಆ ಸೀಮೆಗೆ ನಡುಬೇಸಿಗೆ. ಬೆಳಿಗ್ಗೆ ಏಳಕ್ಕೇ ತಗಡಿನ ಸೂರು ಕಾದು ಟಪ್ ಟಪ್ ಅನ್ನುತ್ತಿತ್ತು. ಕ್ಲೆಮ್ ಪ್ಲಮ್ರಿಜ್ ಅಡುಗೆಮನೆಯ ಕಿಟಕಿಗೆ ಎದುರಾಗಿ ಕೂತು, ಟೋಸ್ಟಿಗೆ ಬೆಣ್ಣೆ ಸವರುತ್ತ, ಆಚೆ ನಿಂತ ಸೈಲೊ ನೋಡಿ ಹಲ್ಲು ಕಡಿಯುತ್ತಿದ್ದ. ಸಿಟ್ಟು ಸೈಲೊದ ಮೇಲಲ್ಲ. ಅದಕ್ಕೆ ಯಾರೋ ಬಳಿದ ಬಿಳಿ ಬಣ್ಣದ ಮೇಲೆ.

ಆ ಕಾಂಕ್ರೀಟಿನ ಕಣಜ ಅವನಿಗೆ ಒಡಹುಟ್ಟಿದ ಅಣ್ಣನ ಹಾಗೆ. ಅದು ಬರುವ ಮುಂಚೆ ಗೋಧಿಯೆಲ್ಲ ಗೋಣಿಚೀಲದಲ್ಲಿ. ಕ್ಲೆಮ್‌ನ ಅಪ್ಪ ಚೀಲಗಳನ್ನು ಬೆನ್ನಮೇಲೆ ಹೊತ್ತು, ಹಲಗೆ ಹತ್ತಿ, ರೈಲು ಕಂಬಿಯ ಪಕ್ಕ ಗುಡ್ಡ ಒಟ್ಟುತ್ತಿದ್ದ. ಅಪ್ಪ ಮೇಲಿನಿಂದ ಏರಿಸಿದ್ದನ್ನು ಇಲಿಗಳು ಕೆಳಗಿನಿಂದ ಇಳಿಸುತ್ತಿದ್ದವು. ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ ಸೈಲೊ ಎದ್ದಿತು. ಅಚ್ಚನ್ನು ಮೇಲಕ್ಕೆ ಮೇಲಕ್ಕೆ ಜಾರಿಸುತ್ತ ಏಳು ಹಗಲು ಏಳು ಇರುಳು ಕಾಂಕ್ರೀಟು ಸುರಿದರು. ನಡುವೆ ನಿಲ್ಲಿಸಿದರೆ ಗೋಡೆ ಬಿರುಕು ಬಿಡುತ್ತದೆಂದು ಅಪ್ಪನ ಟೊಪ್ಪಿ ಒಳಗೆ ಬಿದ್ದಾಗಲೂ ಯಾರೂ ಕೈ ನಿಲ್ಲಿಸಲಿಲ್ಲವಂತೆ. ಟೊಪ್ಪಿ ಈಗಲೂ ಗೋಡೆಯೊಳಗೇ ಇದೆ ಎಂದು ಕ್ಲೆಮ್ ಬಂದವರಿಗೆಲ್ಲ ಜಾಗ ತಟ್ಟಿ ತೋರಿಸುತ್ತಿದ್ದ. ಪ್ರತಿ ಸಲವೂ ಬೇರೆ ಜಾಗ.

ಬೆಳೆದ ಮೇಲೆ ಕ್ಲೆಮ್ ಅದೇ ಸೈಲೊದ ಬಾಗಿಲಲ್ಲಿ ಮೂವತ್ತೆಂಟು ವರ್ಷ ನಿಂತ. ಬಂದ ಪ್ರತಿ ಲಾರಿಗೂ ಹಿತ್ತಾಳೆಯ ಟೊಳ್ಳು ಸಲಾಕೆ ಚುಚ್ಚಿ ಗೋಧಿ ತೆಗೆಯುವುದು, ಪುಟ್ಟ ಕೈಗಿರಣಿಯಲ್ಲಿ ಪುಡಿಮಾಡುವುದು, ಮೀಟರಿನ ಬಟ್ಟಲಿಗೆ ಒತ್ತಿ ಮುಳ್ಳು ನೋಡುವುದು. ತೇವ ನೂರಕ್ಕೆ ಹನ್ನೆರಡೂವರೆ ಮೀರದಿದ್ದರೆ ಒಳಗೆ, ಹನ್ನೆರಡು ಪಾಯಿಂಟ್ ಆರು ಬಂದರೆ ವಾಪಸ್ಸು. ಕೂದಲೆಳೆಯ ಆ ವ್ಯತ್ಯಾಸಕ್ಕೆ ಅವನು ಸ್ವಂತ ಮದುವೆಯಲ್ಲಿ ತನ್ನ ಪಕ್ಕ ನಿಂತ ಬೆಸ್ಟ್‌ಮ್ಯಾನ್‌ನ ಲಾರಿಯನ್ನೂ ತಿರುಗಿಸಿ ಕಳಿಸಿದವನು. ಊರು ಅವನಿಗಿಟ್ಟ ಹೆಸರು ‘ಪಾಯಿಂಟ್ ಒನ್’. ಬೈಗುಳವೆಂದು ಇಟ್ಟದ್ದನ್ನು ಅವನು ಬಿರುದೆಂದು ಇಟ್ಟುಕೊಂಡ.

ಆರು ವರ್ಷದ ಹಿಂದೆ ಕಂಪನಿ ಸೈಲೊಗೆ ಬೀಗ ಹಾಕಿತು. ಗೋಧಿ ಈಗ ಎಪ್ಪತ್ತು ಕಿಲೋಮೀಟರ್ ಆಚೆ, ಕಂಪನಿ ಕಾಳು ದಾಸ್ತಾನು ಮಾಡುವ ದೊಡ್ಡ ಜಾಗಕ್ಕೆ ಹೋಗುತ್ತದೆ. ಸುತ್ತಲಿನ ಊರುಗಳ ಖಾಲಿ ಸೈಲೊಗಳ ಮೇಲೆಲ್ಲ ಒಂದೊಂದು ದೈತ್ಯ ಮುಖ ಬರೆಸಿ ಪ್ರವಾಸಿಗರನ್ನು ಕರೆಯುತ್ತಿರುವಾಗ ನಾವೇಕೆ ಸುಮ್ಮನಿರಬೇಕೆಂದು ಕುರ್ರಪಿಟ್‌ನ ಸಮಿತಿಯೂ ಮೆಲ್ಬರ್ನ್‌ನಿಂದ ಟಮ್ಸಿನ್ ಎಂಬ ಚಿತ್ರಗಾರ್ತಿಯನ್ನು ಕರೆಸಿತು. ಆಕೆಗೆ ಬೇಕಾದದ್ದು ಸೈಲೊ ಕಾದವನ ಮುಖ. ಕ್ಲೆಮ್ ಎರಡು ಸಲ ಅವಳ ಮೂಗಿನ ಮುಂದೆಯೇ ಬಾಗಿಲು ಹಾಕಿದ್ದ. ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹೇಳಿಯೂ ಇದ್ದ: “ಅದನ್ನ ಕಟ್ಟಿದ್ದು ಗೋಧಿ ತುಂಬೋಕೆ, ಮೂತಿ ಬರೆಯೋಕಲ್ಲ. ನೀವು ಬರೆದು ಮನೆಗೆ ಹೋಗ್ತೀರಿ. ದಿನಾ ಬೆಳಿಗ್ಗೆ ಚಹಾ ಕುಡೀತಾ ಅದರ ಮುಖ ನೋಡ್ಬೇಕಾದೋನು ನಾನು. ನನ್ನ ಕಿಟಕಿಗೆ ಎದುರಾಗಿರೋದು ಅದೊಂದೇ ಗೋಡೆ.”

ಆ ಶನಿವಾರ ಫೋನಿನಲ್ಲಿ ಬಂದದ್ದು ಮೂಗಿಗೆ ಬಟ್ಟೆಯ ಕ್ಲಿಪ್ಪು ಹಾಕಿದಂಥ ದನಿ. ಕಂಪನಿಯ ಮ್ಯಾನೇಜರನದು. ಈ ವರ್ಷ ಫಸಲು ಮೈತುಂಬ ಬಂದು ದೊಡ್ಡ ಜಾಗ ತುಂಬಿ ತುಳುಕುತ್ತಿದೆ, ಕುರ್ರಪಿಟ್ ಸೈಲೊ ಮತ್ತೆ ತೆರೆಯುವ ಯೋಚನೆಯಿದೆ, ಈ ದಿನ ಹತ್ತು ಗಂಟೆಗೆ ಪರೀಕ್ಷೆಗೆಂದು ಒಂದು ಲಾರಿ ಬರುತ್ತದೆ ಎಂದು ಆತ ವಿವರಿಸಿದ. ಕ್ಲೆಮ್ ಅಷ್ಟು ಹೊತ್ತೂ ಎದ್ದು ನಿಂತೇ ಕೇಳಿದ.

“ನಿಮ್ಮ ಹಳೇ ಸಾಮಾನು ಇದೆಯಲ್ಲ, ಮಿಸ್ಟರ್ ಪ್ಲಮ್ರಿಜ್? ಎಲ್ಲ ಸರಿಹೋದ್ರೆ ಸೋಮವಾರ ಬೀಗ ತೆಗೀತೀವಿ. ನಿಮ್ಮಂಥ ಕಣ್ಣು ಈಗಿನವರಿಗೆ ಎಲ್ಲಿಂದ ಬರ್ಬೇಕು ಹೇಳಿ.”

ಫೋನು ಇಟ್ಟ ಕ್ಲೆಮ್ ಟೋಸ್ಟು ಅಲ್ಲೇ ಬಿಟ್ಟು ಬಾಗಿಲತ್ತ ನಡೆದ. ಹೆಂಡತಿ ಎನಿಡ್ ಪಾತ್ರೆ ತೊಳೆಯುತ್ತಲೇ ಕೇಳಿದಳು: “ಕಂಪನಿಯವ್ರು ಶನಿವಾರ ಏಳು ಗಂಟೆಗೆ ಎದ್ದಿರ್ತಾರಾ ಕ್ಲೆಮ್?”

“ಗೋಧಿಗೆ ಶನಿವಾರ ಗೊತ್ತಿಲ್ಲ,” ಅಂದ ಕ್ಲೆಮ್. ಆಗಲೇ ಅರ್ಧ ಶೆಡ್ಡಿನಲ್ಲಿದ್ದ.

ಕಂಪನಿಯ ಖಾಕಿ ಅಂಗಿ ಸಿಕ್ಕಿತು. ಆದರೆ ಅದು ಹೊಟ್ಟೆಯ ಹತ್ತಿರ ಮಾತುಕತೆಗೇ ಒಪ್ಪಲಿಲ್ಲ. ಮೂರು ಗುಂಡಿ ಹಾಕಿ ಉಳಿದದ್ದನ್ನು ಬೆಲ್ಟಿನೊಳಗೆ ತುರುಕಿದ. ಸಲಾಕೆ ಹೊಳೆಯುತ್ತಿತ್ತು. ಮೀಟರಿನ ಮರದ ಪೆಟ್ಟಿಗೆ ಮಾತ್ರ ಪೆಚ್ಚುಪೆಚ್ಚಾಗಿತ್ತು. ತೊಂಬತ್ತಮೂರರಲ್ಲಿ ಕಂಪನಿ ಹೊಸ ಮೀಟರು ಕೊಟ್ಟಾಗ ಕಸಕ್ಕೆ ಹೋಗಬೇಕಿದ್ದ ಇದನ್ನು ಅವನು ಎತ್ತಿಕೊಂಡು ಬಂದಿದ್ದ. ಪೆಟ್ಟಿಗೆಯ ಮೂಲೆಯಿಂದ ಇಲಿಗೂಡಿನ ಚಿಂದಿ ಉದುರಿತು. ಒಣಗಿ ಬೂದಿಯಾದ ಗೂಡು. ಕ್ಲೆಮ್ ಅದನ್ನು ಉಫ್ ಎಂದು ಊದಿ, ಹೊಸ ಬ್ಯಾಟರಿ ಹಾಕಿದ. ಮುಳ್ಳು ಜಿಗಿದೆದ್ದಿತು. ಅವನಿಗೆ ಅಷ್ಟೇ ಸಾಕಿತ್ತು.

ಸೈಲೊದ ಬಳಿ ಆಗಲೇ ಅರ್ಧ ಊರು ಸೇರಿದ್ದು ಕಂಡು ಕ್ಲೆಮ್‌ನ ಎದೆ ಉಬ್ಬಿತು, ಮೂರನೆಯ ಗುಂಡಿ ಹಾರಿತು. ಸಮಿತಿಯ ಕಾರ್ಯದರ್ಶಿ ಗ್ಲೆನಿಸ್ ಮೇಜು ಹಾಕಿ ಸ್ಕೋನು ಎಂಬ ಪುಟ್ಟ ಬನ್ನು, ಜಾಮು, ಚಹಾದ ದೊಡ್ಡ ಕೆಟಲು ಇಟ್ಟಿದ್ದಳು. ಟಮ್ಸಿನ್ ಯಂತ್ರದ ತೊಟ್ಟಿಲಲ್ಲಿ ನೆಲದಿಂದ ಮೂರಾಳು ಎತ್ತರದಲ್ಲಿ ನೇತಾಡುತ್ತ ಬಿಳಿ ಬಳಿಯುತ್ತಿದ್ದಳು. ಕ್ಲೆಮ್ ಅವಳನ್ನು ನೋಡಿ, ಸೋಮವಾರದಿಂದ ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ ಎಂದು ತಿಳಿಸಿದ. ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು. ಇಷ್ಟು ಸುಲಭಕ್ಕೆ ಒಪ್ಪಿದ್ದು ಅವನಿಗೆ ವಿಚಿತ್ರವೆನ್ನಿಸಬೇಕಿತ್ತು.

ಹತ್ತಕ್ಕೆ ಸರಿಯಾಗಿ ಲಾರಿ ಬಂತು. ಓಡಿಸುತ್ತಿದ್ದವನು ಬ್ಯಾರಿ ಲಾಕೆಟ್.

ಊರಲ್ಲಿ ಕ್ಲೆಮ್‌ಗೆ ಆಗದವರು ಹಲವರಿದ್ದರು, ಆದರೆ ಬ್ಯಾರಿಯ ಲೆಕ್ಕವೇ ಬೇರೆ. ತೊಂಬತ್ತಮೂರು, ನೆಲವೇ ನಡೆದಾಡುವಷ್ಟು ಇಲಿ ಎದ್ದ ವರ್ಷ. ಊರಿಗೆಲ್ಲ ಮುಂಚೆ ಕೊಯ್ದ ಬ್ಯಾರಿಯ ಮೂರು ಲೋಡು ಮೂರು ದಿನ ಒಂದರ ಹಿಂದೊಂದು ಬಂದವು. ಮೂರೂ ಹನ್ನೆರಡು ಪಾಯಿಂಟ್ ಆರು. ಮೂರೂ ವಾಪಸ್ಸು. ಒಣಗಲಿ ಎಂದು ಹೊಲದಲ್ಲಿ ಹರಡಿದ. ನಾಲ್ಕನೆಯ ದಿನ ಮಳೆ ಹೊಡೆಯಿತು. ಅಂದಿನಿಂದ ಬ್ಯಾರಿ ಹೋಟೆಲಿನ ಬಾರಿನಲ್ಲಿ ಮೂಗು ಮೇಲೆ ಮಾಡಿ ಕ್ಲೆಮ್‌ನ ನಡಿಗೆ, ಕ್ಲೆಮ್‌ನ ಕೆಮ್ಮು, ಕ್ಲೆಮ್‌ ‘ವಾಪಸ್ಸು’ ಅನ್ನುವ ರೀತಿ ಎಲ್ಲ ಮಾಡಿ ತೋರಿಸುತ್ತ ಬಂದಿದ್ದ. ಹಳೆಯ ಟ್ರ್ಯಾಕ್ಟರು, ಪಾದ್ರಿ, ಮ್ಯಾಗ್ಪಾಯ್ ಹಕ್ಕಿ, ಯಾರ ದನಿಯಾದರೂ ಸರಿ, ಅವನ ಗಂಟಲಲ್ಲಿ ಬಾಡಿಗೆಗೆ ಇರುತ್ತಿತ್ತು.

ಬ್ಯಾರಿ ಹವಾಯಿ ಚಪ್ಪಲಿಯಲ್ಲಿ ಇಳಿದ. ಬೂಟಿಲ್ಲದವರಿಗೆ ಅಂಗಳಕ್ಕೆ ಪ್ರವೇಶವಿಲ್ಲವೆಂದು ಕ್ಲೆಮ್ ಮನೆಗೆ ಕಳಿಸಿದ. ಬೂಟು ಹಾಕಿ ಬಂದ. ಗೋಧಿಯ ಮೇಲೆ ಹೊದಿಸಿದ ಟಾರ್ಪಾಲಿನ ಒಂದು ಹಗ್ಗ ಸಡಿಲವಿತ್ತು. ರಸ್ತೆಗೆ ಹೋಗಿ ಬಿಗಿದು ಬರುವಂತೆ ಕ್ಲೆಮ್ ಬೆರಳು ತೋರಿಸಿದ. ಬಿಗಿದು ಬಂದ. ಜನ ಒಬ್ಬರನ್ನೊಬ್ಬರು ತಿವಿದುಕೊಂಡರು. ಕ್ಲೆಮ್‌ಗೆ ಅದು ಗೌರವದ ಪಿಸುಮಾತಿನಂತೆ ಕೇಳಿಸಿತು.

ಸಲಾಕೆ ಚುಚ್ಚಿದ, ಗಿರಣಿ ತಿರುಗಿಸಿದ, ಬಟ್ಟಲು ಒತ್ತಿದ. ಮುಳ್ಳು ಏರಿ ನಿಂತಿತು.

“ಹನ್ನೆರಡು ಪಾಯಿಂಟ್ ಆರು,” ಅಂದ ಕ್ಲೆಮ್. ಆರು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಕಲ್ಲುಸಕ್ಕರೆಯನ್ನು ಕೊನೆಗೂ ಕಡಿದ ಹಾಗೆ. “ವಾಪಸ್ಸು.”

ಬ್ಯಾರಿ ಜೇಬಿನಿಂದ ಚೀಟಿ ತೆಗೆದ. ಇದೇ ಗೋಧಿ, ಇದೇ ಹೊಲ, ನಿನ್ನೆ ಆಚೆಯ ದೊಡ್ಡ ಜಾಗದಲ್ಲಿ ಹತ್ತು ಪಾಯಿಂಟ್ ಎಂಟು. ಕಂಪ್ಯೂಟರು ಅಚ್ಚು ಹಾಕಿದ್ದು.

“ನಿನ್ನ ಕಂಪ್ಯೂಟರಿಗೆ ಕಣ್ಣಿದ್ಯಾ?” ಅಂದ ಕ್ಲೆಮ್.

“ನಿಂಗೆ ಇದ್ಯಾ, ಮಾರಾಯಾ? ಇದ್ರೆ ಆ ಮುಳ್ಳು ಇನ್ನೊಂದು ಸಲ ನೋಡು. ಒಂದು ಕೂದಲು ಈಚೆ ಬಂದ್ರೆ ನಿನ್ನಪ್ಪನ ಟೊಪ್ಪಿ ಗೋಡೆಯಿಂದ ಬೀಳುತ್ತಾ?”

ಅಪ್ಪನ ಟೊಪ್ಪಿಯ ಸುದ್ದಿಗೆ ಬಂದದ್ದೇ ತಡ, ಕ್ಲೆಮ್ ಸ್ಫೋಟಗೊಂಡ. ಕತ್ತಿನ ನರ ಹಗ್ಗದಂತೆ ಎದ್ದು, ಹುಬ್ಬು ಕೂಡಿ, ಕಣ್ಣು ಕೆಂಡವಾಗಿ, ಚಾಚಿದ ಬೆರಳು ರಸ್ತೆ ತೋರಿಸುತ್ತ ಥರಥರ ನಡುಗಿತು. ಈ ಅಂಗಳದಲ್ಲಿ ಅಪ್ಪ ಬೆನ್ನು ಮುರಿದುಕೊಂಡದ್ದು ಒಂದು ಕೂದಲು ಈಚೆ ಆಚೆ ಮಾಡುವುದಕ್ಕಲ್ಲ, ತೇವದ ಗೋಧಿ ಒಂದು ಲಾರಿ ಒಳಗೆ ಹೋದರೆ ಇಡೀ ಸೈಲೊ ಬೇಯುತ್ತದೆ, ಅಷ್ಟೂ ತಿಳಿಯದವನು ರೈತನಲ್ಲ, ರೈತನ ವೇಷದ ಗಿಳಿ ಎಂದೆಲ್ಲ ಅವನು ಕೂಗುತ್ತಿರುವಾಗ ಮೇಲಿನಿಂದ ಕ್ಲಿಕ್, ಕ್ಲಿಕ್, ಕ್ಲಿಕ್.

ಟಮ್ಸಿನ್‌ಳ ಕೈಯಲ್ಲಿ ಬಣ್ಣದ ರೋಲರು ಇರಲಿಲ್ಲ, ಕ್ಯಾಮೆರಾ ಇತ್ತು. “ಸಿಕ್ತು,” ಅಂದಳು ಗ್ಲೆನಿಸ್‌ಗೆ. “ಇದೇ ಮುಖ.”

ಬ್ಯಾರಿ ಮೂಗನ್ನು ಎರಡು ಬೆರಳಲ್ಲಿ ಹಿಡಿದ. “ನಿಮ್ಮಂಥ ಕಣ್ಣು ಈಗಿನವರಿಗೆ ಎಲ್ಲಿಂದ ಬರ್ಬೇಕು, ಮಿಸ್ಟರ್ ಪ್ಲಮ್ರಿಜ್,” ಅಂದಿತು ಬಟ್ಟೆಕ್ಲಿಪ್ಪಿನ ದನಿ.

ಜನ ಮೇಜು ಹಿಡಿದುಕೊಂಡು ನಕ್ಕರು. ನೀನಾಗಿ ಕೂರಲಿಲ್ಲವಲ್ಲ, ಹಾಗಾಗಿ ನಿನ್ನನ್ನು ಹೀಗೆ ನಿಲ್ಲಿಸಬೇಕಾಯಿತು ಎಂದು ಗ್ಲೆನಿಸ್ ಸ್ಕೋನಿನ ತಟ್ಟೆ ಚಾಚಿ ಸಮಾಧಾನ ಹೇಳಿದಳು. ಕ್ಲೆಮ್ ತಟ್ಟೆ ನೋಡಲಿಲ್ಲ. ಬೀಗ ಹಾಕಿದ ಸೈಲೊದ ಬಾಗಿಲು ನೋಡುತ್ತಿದ್ದ.

“ಹಾಗಾದ್ರೆ ಸೋಮವಾರ...” ಅಂದ.

ನಗು ಅಲ್ಲಲ್ಲೇ ನೆಲಕ್ಕೆ ಬಿತ್ತು. ಗಂಡನ ಹಿಂದೆಯೇ ಬಂದಿದ್ದ ಎನಿಡ್ ಒಬ್ಬೊಬ್ಬರನ್ನೂ ಹೆಸರು ಬರೆದುಕೊಳ್ಳುವಂತೆ ನೋಡಿದಳು. ಕ್ಲೆಮ್‌ನ ಸಿಟ್ಟು ಈಗ ಕೂಗುವ ಸಿಟ್ಟಾಗಿರಲಿಲ್ಲ. ಕಲ್ಲು ಕಾದಂತೆ ಸದ್ದಿಲ್ಲದೆ ಕಾಯುತ್ತಿತ್ತು. ಸಲಾಕೆ ಎತ್ತಿ, ಒರೆಸಿ, ಚೀಲಕ್ಕೆ ಹಾಕತೊಡಗಿದ.

ಬ್ಯಾರಿಗೆ ಇರುಸುಮುರುಸಾಯಿತು. ಮತ್ತೆ ನಗಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆಂದು, ಒಂದು ಸ್ಕೋನು ಮುರಿದು ಮೀಟರಿನ ಬಟ್ಟಲಿಗೆ ಒತ್ತಿದ. ಕ್ಲೆಮ್‌ನ ಕೆಮ್ಮು ಕೆಮ್ಮಿ, ಕ್ಲೆಮ್‌ನ ದನಿಯಲ್ಲಿ ಓದಿದ: “ಹನ್ನೆರಡು ಪಾಯಿಂಟ್ ಆರು. ವಾಪಸ್ಸು, ಗ್ಲೆನಿಸ್.”

ನಗು ಮರಳಿತು. ಬ್ಯಾರಿ ಹುರುಪಿನಿಂದ ಸ್ಕೋನಿನ ಮೇಲೆ ಚಹಾ ಸುರಿದ. ಹನ್ನೆರಡು ಪಾಯಿಂಟ್ ಆರು. ಈ ಸಲ ಯಾರದೂ ದನಿ ಮಾಡಲಿಲ್ಲ. ಬಟ್ಟಲು ಖಾಲಿ ಮಾಡಿ, ಅಂಗಿಯ ತುದಿಯಲ್ಲಿ ಒರೆಸಿ, ಗಾಳಿ ಬಿಟ್ಟರೆ ಏನೂ ಇಲ್ಲದ ಬಟ್ಟಲನ್ನು ಮತ್ತೆ ಕೂರಿಸಿದ. ಮುಳ್ಳು ಏರಿ, ಅದೇ ಜಾಗದಲ್ಲಿ, ಸಂಬಳಕ್ಕೆ ನಿಂತ ಕಾವಲುಗಾರನ ಹಾಗೆ ನಿಂತಿತು.

“ಕ್ಲೆಮ್,” ಅಂದ ಬ್ಯಾರಿ. “ತೊಂಬತ್ತಮೂರರಲ್ಲಿ ಇದೇ ಮೀಟರಾ?”

“ಇದೇ. ಮುಂದಿನ ವಾರ ಹೊಸದು ಬಂತು.” ಕ್ಲೆಮ್ ಗಂಟಲು ಸರಿಮಾಡಿಕೊಂಡ. “ಶೆಡ್ಡಲ್ಲಿ ಇಲಿ ಕಡಿದಿರ್ಬೇಕು. ಮೊನ್ನೆ ಮೊನ್ನೆ.”

ಬ್ಯಾರಿ ಕೀಲಿಕೈಯಿಂದ ಮೀಟರಿನ ಬೆನ್ನಿನ ಮುಚ್ಚಳ ಎಬ್ಬಿಸಿದ. ಒಳಗೆ ತಂತಿಗಳ ನಡುವೆ ಗಟ್ಟಿಯಾಗಿ ಕೂತ ಇನ್ನೊಂದು ಇಲಿಗೂಡು. ಇಲಿ ಅದನ್ನು ಹೆಣೆದದ್ದು ಸೈಲೊದ ಚೀಟಿ ಪುಸ್ತಕ ಹರಿದು. ಉಗುರಗಲದ ಒಂದು ಚೂರನ್ನು ಬ್ಯಾರಿ ಬಿಸಿಲಿಗೆ ಹಿಡಿದ. ಕ್ಲೆಮ್‌ನದೇ ಮುದ್ದಾದ ಅಕ್ಷರ, ನವೆಂಬರ್, ತೊಂಬತ್ತಮೂರು.

“ಮೂರು ಲೋಡು,” ಅಂದ ಬ್ಯಾರಿ, ಯಾರ ದನಿಯೂ ಅಲ್ಲದ ತನ್ನ ಸ್ವಂತ ದನಿಯಲ್ಲಿ. ಆ ದನಿಯನ್ನು ಊರು ಕೇಳಿ ಎಷ್ಟೋ ಕಾಲವಾಗಿತ್ತು. “ಒಣಗಿದ ಗೋಧಿನ ಒಣಗ್ಲಿ ಅಂತ ಹರಡಿದ್ನಲ್ಲೋ. ಮಳೆಗೆ ಮೊಳಕೆ ಬಂದು ಹಂದಿಗೆ ಹಾಕಿದೆ. ಇಪ್ಪತ್ತಾರು ವರ್ಷ ನನ್ನ ಹೊಲದಲ್ಲೇ ಏನೋ ದೋಷ ಇದೆ ಅಂದ್ಕೊಂಡಿದ್ದೆ.”

ಕ್ಲೆಮ್ ಕಾಗದದ ಚೂರು ನೋಡಿದ. ಮೀಟರು ನೋಡಿದ. ಆಗ ಎಲ್ಲೋ ಹೊಟ್ಟೆಯ ತಳದಿಂದ, ಉಳಿದಿದ್ದ ಎರಡು ಗುಂಡಿಗಳನ್ನೂ ಅಲ್ಲಾಡಿಸುತ್ತ ಒಂದು ಸದ್ದು ಎದ್ದಿತು. ಮೊದಲು ಕೆಮ್ಮು ಅನ್ನಿಸಿತು. ನಗು. ಜಗತ್ತಿಗೆ ಕೂದಲೆಳೆಯ ನ್ಯಾಯ ಹೇಳಿದ ಪಾಯಿಂಟ್ ಒನ್‌ಗೆ ತೀರ್ಪು ಬರೆದುಕೊಟ್ಟದ್ದು ಒಂದು ಇಲಿ. ಅವನು ಲಾರಿಯ ಚಕ್ರಕ್ಕೆ ಒರಗಿ ನಕ್ಕ, ಕುಸಿದು ಕೂತು ನಕ್ಕ. ತಮಾಷೆ ಮಾಡಲು ಬಂದ ಊರೇ ಅವನ ನಗುವಿನ ಮುಂದೆ ಸಪ್ಪಗಾಯಿತು.

ಬ್ಯಾರಿ ಮಾತ್ರ ನಗಲಿಲ್ಲ. ಕತ್ತಿನ ನರ ಹಗ್ಗದಂತೆ ಎದ್ದು, ಹುಬ್ಬು ಕೂಡಿ, ಕಣ್ಣು ಕೆಂಡವಾಗಿ, ಚಾಚಿದ ಬೆರಳು ಕ್ಲೆಮ್‌ನನ್ನು ತೋರಿಸುತ್ತ ಥರಥರ ನಡುಗುತ್ತಿತ್ತು. ಕ್ಲೆಮ್‌ನ ಸಿಟ್ಟು ಅರ್ಧ ಗಂಟೆಯದು. ಇದು ಇಪ್ಪತ್ತಾರು ವರ್ಷ ಕಣಜದಲ್ಲಿ ಕೂತು ಮಾಗಿದ ಮಾಲು.

ತೊಟ್ಟಿಲಲ್ಲಿ ಟಮ್ಸಿನ್ ಮುಂದಕ್ಕೆ ಬಾಗಿದಳು. ಕ್ಯಾಮೆರಾ ಮೆಲ್ಲಗೆ ಬ್ಯಾರಿಯ ಕಡೆ ತಿರುಗಿತು. ಕ್ಲಿಕ್. ಅವಳು ಗ್ಲೆನಿಸ್‌ಳತ್ತ ನೋಡಿ, ಮೊದಲು ತೆಗೆದ ಕ್ಲೆಮ್‌ನ ಮುಖವನ್ನು ಅಳಿಸಿಬಿಡುತ್ತೇನೆ ಎಂದು ಸನ್ನೆ ಮಾಡಿದಳು. ಗ್ಲೆನಿಸ್ ಆಗಲಿ ಎಂದು ತಲೆಯಾಡಿಸಿದಳು.

ಎನಿಡ್ ಕ್ಯಾಮೆರಾ ನೋಡಿದಳು, ಬ್ಯಾರಿಯ ಮುಖ ನೋಡಿದಳು, ಇಪ್ಪತ್ತೇಳು ಮೀಟರಿನ ಬಿಳಿ ಗೋಡೆ ನೋಡಿದಳು, ಕೊನೆಗೆ ರಸ್ತೆಯಾಚೆಗಿದ್ದ ತಮ್ಮ ಅಡುಗೆಮನೆಯ ಕಿಟಕಿ ನೋಡಿದಳು. ಮನೆಯಲ್ಲಿ ದಪ್ಪನೆಯ ಪರದೆ ಬಟ್ಟೆ ಇದೆಯೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳತೊಡಗಿದಳು.

ಕ್ಲೆಮ್ ಇದೊಂದನ್ನೂ ಕಾಣಲಿಲ್ಲ. ಅಂಗಳದ ಮಣ್ಣಿನಲ್ಲಿ ಕೂತು, ಕಣ್ಣೊರೆಸಿಕೊಂಡು, ಪಕ್ಕೆ ಹಿಡಿದುಕೊಂಡು, ಖಾಲಿ ಸೈಲೊ ಒಳಗಿನಿಂದ ಮಾರ್ದನಿ ಕೊಡುವಷ್ಟು ಜೋರಾಗಿ ನಗುತ್ತಲೇ ಇದ್ದ.