ಯಸಳೂರಿಗೆ ಬಂದ ನಕ್ಷತ್ರದ ‘ಟಕ್’

ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ, ಪಕ್ಕದ ತೋಟದ ಲಾರೆನ್ಸನೊಬ್ಬನನ್ನು ಬಿಟ್ಟು. ಅವನು ಯಸಳೂರಿನ ಶಾಲೆಯಲ್ಲಿ ಕ್ಷಿಪ್ರ ರೇಡಿಯೋ ಸ್ಫೋಟಗಳ ಬಗ್ಗೆ ಭಾಷಣ ಮಾಡಿದ. ಅವು ದೂರದ ಗ್ಯಾಲಕ್ಸಿಗಳಿಂದ ಬಂದು, ರೆಪ್ಪೆ ಬಡಿಯುವುದರೊಳಗೆ ಮುಗಿದೇ ಹೋಗುವ ರೇಡಿಯೋ ಅಲೆಗಳಂತೆ. ಸತ್ತ ನಕ್ಷತ್ರಗಳೆರಡು ಡಿಕ್ಕಿ ಹೊಡೆದು ಹುಟ್ಟುತ್ತವೋ, ವಿಪರೀತ ಕಾಂತಶಕ್ತಿಯ ‘ಮ್ಯಾಗ್ನೆಟಾರ್’ ಎಂಬ ನಕ್ಷತ್ರದಿಂದ ಬರುತ್ತವೋ, ಇನ್ನೂ ಪೂರ್ತಿ ಖಚಿತವಿಲ್ಲವಂತೆ. ಖಚಿತವಿಲ್ಲದ್ದನ್ನು ಹೇಳಿದವನಿಗೆ ಶಾಲು, ಹಾರ! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನನ್ನ ಹೆಂಡತಿ ಜಯಂತಿ.

“ಎಷ್ಟ್ ಚೆಂದಾಗಿ ಹೇಳ್ತಾರೆ ಕಣ್ರೀ!” ಎಂದಳು. ನನ್ನ ಹೊಟ್ಟೆ ಧಗಧಗ ಉರಿಯಿತು.

ಸ್ಫೋಟವನ್ನು ನಾನೇ ಹಿಡಿದು, ಮುಂದಿನ ಶಾಲು ನಾನೇ ಹೊದೆಯುವುದೆಂದು ತೀರ್ಮಾನಿಸಿದೆ. ಹಳೆಯ ಬ್ಯಾಟರಿ ರೇಡಿಯೋಗೆ ಟಿವಿಯ ಡಿಶ್ ಕಟ್ಟಿ, ಕಾಫಿ ಮೂಟೆ ಇಡುವ ಸ್ಟೋರಿನ ಪಕ್ಕ ತಪಸ್ಸಿಗೆ ಕೂತೆ. ಮೂರನೇ ದಿನ ಮಧ್ಯಾಹ್ನ ರೇಡಿಯೋ ‘ಟಕ್!’ ಎಂದಿತು. ಸೆಕೆಂಡು ಬಿಟ್ಟು ಮತ್ತೆ ‘ಟಕ್!’

ಮೂಲವನ್ನೂ ಅಲ್ಲೇ ಕಂಡುಹಿಡಿದೆ. ಒಮ್ಮೆ ಡಿಕ್ಕಿ ಹೊಡೆದು ಪುಡಿಯಾದ ನಕ್ಷತ್ರ ಸೆಕೆಂಡಿಗೊಮ್ಮೆ ಡಿಕ್ಕಿ ಹೊಡೆಯುವುದಿಲ್ಲವಲ್ಲ! ಆದ್ದರಿಂದ ಇದು ಮ್ಯಾಗ್ನೆಟಾರೇ.

“ರೀ, ಆನೆ ಬೇಲಿ ಮ್ಯಾಲೆ ಸಿಲ್ವರ್ ಓಕ್ ಕೊಂಬೆ ಬಿದ್ದೈತೆ. ಹೋಗಿ ಕಡೀರಿ,” ಎಂದಳು ಜಯಂತಿ.

“ವಿಶ್ವವೇ ಮಾತಾಡ್ತಾ ಐತೆ, ನಿಂಗೆ ಕೊಂಬೆ ಚಿಂತೆ!” ಎಂದು ಗದರಿದೆ.

ಮರುದಿನವೇ ಹೆಡ್‌ಮಾಸ್ತರರನ್ನು ಕರೆಸಿದೆ. ಉರಿದುಕೊಳ್ಳಲಿ ಎಂದು ಲಾರೆನ್ಸನನ್ನೂ ಕರೆದೆ. ಅವನು ಕಿವಿಗೊಟ್ಟು ಕೇಳಿ, “ಮನೆ ಕರೆಂಟಿಂದ ಇರ್ಬೋದು ಮಾರಾಯ. ಎಲ್ಲ ಆಫ್ ಮಾಡಿ ನೋಡಾಣ,” ಎಂದ.

ಹೊಟ್ಟೆಕಿಚ್ಚು ಅಂದರೆ ಇದು! ನಗುತ್ತಾ ಮೇನ್ ಸ್ವಿಚ್ ಇಳಿಸಿದೆ. ಟಕ್! ಇನ್ವರ್ಟರ್ ಆರಿಸಿದೆ. ಟಕ್! ಹೆಡ್‌ಮಾಸ್ತರರು ಎದ್ದು ನನ್ನ ಕೈ ಕುಲುಕಿದರು. ಶಾಲು ನನ್ನ ಹೆಗಲ ಮೇಲೆ ಬಿದ್ದಷ್ಟೇ ಸಂತೋಷವಾಯಿತು.

“ಬೇಲಿ ಒಂದು ಉಳೀತು ಕಣ್ರೀ. ಅದು ಸೋಲಾರ್ ಅಲ್ವಾ?” ಎಂದಳು ಜಯಂತಿ.

ಅದನ್ನೂ ಆರಿಸಿದೆ. ವಿಶ್ವ ಮೌನವಾಯಿತು! ಮತ್ತೆ ಹಾಕಿದೆ. ಟಕ್! ಆನೆ ತಡೆಯಲು ಬೇಲಿಯಲ್ಲಿ ಸೆಕೆಂಡಿಗೊಮ್ಮೆ ಹರಿಯುವ ಶಾಕ್, ಬಿದ್ದ ಕೊಂಬೆಗೆ ತಗಲಿ ಕಿಡಿ ಹಾರಿಸುತ್ತಿತ್ತು. ನನ್ನ ಮ್ಯಾಗ್ನೆಟಾರ್ ಸ್ಟೋರಿನಿಂದ ನಲವತ್ತು ಹೆಜ್ಜೆ ದೂರದಲ್ಲಿತ್ತು.

ಲಾರೆನ್ಸ್ ನಗಲಿಲ್ಲ. ಕತ್ತಿ ತಂದು, ಬೇಲಿ ಆರಿಸಿ, ತಾನೇ ಕೊಂಬೆ ಕಡಿದುಕೊಟ್ಟ. ಅದಕ್ಕೇ ಅವನನ್ನು ಕಂಡರೆ ನನಗೆ ಆಗುವುದಿಲ್ಲ!

ಮುಂದಿನ ತಿಂಗಳು ಶಾಲೆಯಲ್ಲಿ ಅವನ ಎರಡನೇ ಭಾಷಣ: ಸುಳ್ಳು ಸಂಕೇತಗಳನ್ನು ಗುರುತಿಸುವುದು ಹೇಗೆ? ಉದಾಹರಣೆಯಾಗಿ ವೇದಿಕೆಯಲ್ಲಿ ನಾನೂ ಇದ್ದೆ, ರೇಡಿಯೋ ಹಿಡಿದುಕೊಂಡು. ಜಯಂತಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ನಾನು ತಲೆಬಾಗಿ ಕೈಮುಗಿದೆ.

ಅವಳು ನೋಡುತ್ತಿದ್ದದ್ದು ಲಾರೆನ್ಸನನ್ನು.